ಹೊಸ ಪಿಕಪ್: ಮೊದಲು ಟಯರ್, ಆಮೇಲೆ ಶಾಕ್, ಎತ್ತರ ಕೊನೆಗೆ

ಓದುಗರ ಪ್ರಶ್ನೆ – ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸದಾಗಿ ಪಿಕಪ್ ಕೊಂಡವರದ್ದು. ಎಲ್ಲರ ಮನಸ್ಸಿನಲ್ಲಿರುವುದೂ ಒಂದೇ: ಗಾಡಿ ಎತ್ತರಿಸಬೇಕು, ಅಲಾಯ್ ಹಾಕಬೇಕು, ದಪ್ಪ ಟಯರ್ ಬೇಕು. ಪ್ರಶ್ನೆಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇವೆ. ಅಳತೆಗಳು ಓದುಗರು ಬರೆದಂತೆಯೇ ಇವೆ.

ಪ್ರಶ್ನೆ: ಫೋರ್ ವೀಲ್ ಡ್ರೈವ್ ಇರುವ ಹೊಸ ಡಬಲ್ ಕ್ಯಾಬ್ ಪಿಕಪ್ ತೆಗೆದುಕೊಂಡಿದ್ದೇವೆ. ಟಯರ್ 255/60 ಆರ್18. ರಸ್ತೆಯಿಂದ ಮನೆಗೆ ಹೋಗುವ ಮುರಕಲ್ಲಿನ ದಾರಿಯಲ್ಲಿ ಮಳೆನೀರು ಹರಿದು ಎರಡೂ ಬದಿ ಕೊರೆದಿದೆ, ನಡುವೆ ದಿಣ್ಣೆ ನಿಂತಿದೆ. ಅಡಿ ತಾಗುತ್ತದೆ. ಎರಡು ಇಂಚಿನ ಲಿಫ್ಟ್ ಕಿಟ್ ಮತ್ತು 265/65 ಆರ್18 ಟಯರ್ ಒಟ್ಟಿಗೇ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು? — ಬದಿಯಡ್ಕದ ಓದುಗರು

ಉತ್ತರ: ಮೊದಲು ಗಾಡಿಯ ಅಡಿಗೆ ತೂರಿ, ತಾಗಿದ ಗೀರು ಎಲ್ಲಿದೆ ಎಂದು ನೋಡಿ. ಮುಂದಿನ ಸ್ಕಿಡ್ ಪ್ಲೇಟ್, ಸೈಡ್ ಸ್ಟೆಪ್, ಚಾಸಿಯ ಅಡ್ಡಪಟ್ಟಿ ತಾಗುತ್ತಿದ್ದರೆ ಲಿಫ್ಟ್ ಉಪಯೋಗಕ್ಕೆ ಬರುತ್ತದೆ. ಗೀರು ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡಿನ ಮೇಲಿದ್ದರೆ ಎಷ್ಟು ಇಂಚು ಲಿಫ್ಟ್ ಮಾಡಿದರೂ ಅಲ್ಲಿ ಒಂದು ಮಿಲಿಮೀಟರ್ ಕೂಡ ಏರುವುದಿಲ್ಲ. ಸ್ಪ್ರಿಂಗ್ ಏರಿಸುವುದು ಚಾಸಿಯನ್ನು, ಹಿಂದಿನ ಆಕ್ಸಲ್ ಇರುವುದು ಸ್ಪ್ರಿಂಗ್‌ನ ಕೆಳಗೆ. ಅದನ್ನು ಏರಿಸಲು ಟಯರಿನಿಂದ ಮಾತ್ರ ಸಾಧ್ಯ. ದಿಣ್ಣೆ ನಡುವೆ ಇರುವ ದಾರಿಯಲ್ಲಿ ಸಾಮಾನ್ಯವಾಗಿ ತಾಗುವುದು ಈ ಗುಂಡೇ. ಹಾಗಿದ್ದರೆ ಒಂದು ಲೋಡು ಜಲ್ಲಿ ತರಿಸಿ ಕೊರಕಲು ತುಂಬಿಸುವುದು ಲಿಫ್ಟ್ ಕಿಟ್‌ಗಿಂತ ಅಗ್ಗ, ಫಲವೂ ಹೆಚ್ಚು.

ಟಯರಿನಿಂದ ಎಷ್ಟು ಸಿಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. 255 ಎಂದರೆ ಅಗಲ, ಮಿಲಿಮೀಟರಿನಲ್ಲಿ. 60 ಎಂದರೆ ಆ ಅಗಲದ ಶೇ. 60ರಷ್ಟು ಗೋಡೆಯ ಎತ್ತರ: 153. ಮೇಲೆ ಕೆಳಗೆ ಸೇರಿ 306, ಜೊತೆಗೆ 18 ಇಂಚಿನ ರಿಮ್‌ನ 457. ಒಟ್ಟು ವ್ಯಾಸ 763 ಮಿ.ಮೀ. ಇದೇ ರೀತಿ 265/60 ಆರ್18 ಅಂದರೆ 775, 255/65 ಆರ್18 ಅಂದರೆ 789, ನಿಮಗೆ ಹೇಳಿದ 265/65 ಆರ್18 ಅಂದರೆ 802. ನೆಲದಿಂದ ಆಕ್ಸಲ್ ಏರುವುದು ವ್ಯಾಸದ ವ್ಯತ್ಯಾಸದ ಅರ್ಧ ಮಾತ್ರ. ಆದ್ದರಿಂದ ಕ್ರಮವಾಗಿ 6, 13, 19 ಮಿ.ಮೀ. ಕೊನೆಯದ್ದು ಶೇ. 5ರಷ್ಟು ದೊಡ್ಡದು. ಮೀಟರ್ 80 ತೋರಿಸುತ್ತಿದ್ದ ಅದೇ ಚಕ್ರದ ತಿರುಗಾಟಕ್ಕೆ ಗಾಡಿ ಈಗ 84ರ ದೂರ ಓಡುತ್ತದೆ. ಗೇರ್ ಅಷ್ಟೇ ಎತ್ತರವಾಗಿ ಎಳೆತ ತಗ್ಗುತ್ತದೆ, ಬ್ರೇಕಿಗೂ ಅಷ್ಟೇ ಹೊರೆ ಹೆಚ್ಚು. ಶೇ. 3ರ ಒಳಗೆ ನಿಲ್ಲಿ ಎಂಬುದು ನಮ್ಮ ಸಲಹೆ. ನಿಮ್ಮ ದಾರಿಗೆ 265/60 ಆರ್18, ಆಲ್ ಟೆರೇನ್ ಪ್ಯಾಟರ್ನ್, ಸಾಕು. ಮಡ್ ಟೆರೇನ್ ಬೇಡ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿನಲ್ಲಿ ನೀವು ಹೆಚ್ಚು ಓಡಿಸುವುದು ಒದ್ದೆ ಡಾಂಬರಿನ ಮೇಲೆ. ದೊಡ್ಡ ದೊಡ್ಡ ಗುಳಿಯ ಟಯರಿಗೆ ಅಲ್ಲಿ ನೆಲ ಹಿಡಿಯುವ ರಬ್ಬರ್ ಕಡಿಮೆ. ಚೆರ್ಕಳ–ಜಾಲ್ಸೂರು ರಸ್ತೆಯಂಥ ತಿರುವುಗಳಲ್ಲಿ ಬ್ರೇಕ್ ಒತ್ತಿದಾಗ ಅದು ಗೊತ್ತಾಗುತ್ತದೆ.

ಕೊಳ್ಳುವಾಗ ಗೋಡೆಯ ಮೇಲಿನ ಭಾರದ ಸಂಖ್ಯೆ ಓದಿ. 112 ಎಂದಿದ್ದರೆ ಒಂದು ಟಯರಿಗೆ 1,120 ಕೆ.ಜಿ., 110 ಎಂದಿದ್ದರೆ 1,060 ಕೆ.ಜಿ. ಅಗಲ ಹೆಚ್ಚಿದ್ದರೂ ಈ ಸಂಖ್ಯೆ ಕಡಿಮೆ ಇರುವುದುಂಟು. ಗಾಡಿಯ ಜೊತೆ ಬಂದ ಟಯರಿನಲ್ಲಿ ಇದ್ದುದಕ್ಕಿಂತ ಕೆಳಗಿಳಿಯಬಾರದು. ಅದೇ ಗೋಡೆಯಲ್ಲಿ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕೆ ತಯಾರಾದ ವಾರ ಮತ್ತು ವರ್ಷ: 2324 ಎಂದರೆ 2024ರ 23ನೇ ವಾರ. ಎರಡು ವರ್ಷ ಹಳೆಯ ಸ್ಟಾಕನ್ನು ಹೊಸದರ ಬೆಲೆಗೆ ತೆಗೆದುಕೊಳ್ಳಬೇಡಿ. ಸ್ಟೆಪ್ನಿಯೂ ಸೇರಿ ಐದೂ ಒಂದೇ ಅಳತೆ ಇರಲಿ. ವ್ಯಾಸ ಬೇರೆಯಿರುವ ಸ್ಟೆಪ್ನಿ ಹಾಕಿ ಫೋರ್ ವೀಲ್ ಹಿಡಿದರೆ ಮುಂದೆ ಹಿಂದೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ.

ಇಷ್ಟಾದ ಮೇಲೂ ಚಾಸಿ ತಾಗಿದರೆ ಲಿಫ್ಟ್ ಮಾಡಿಸಿ, 40 ಮಿ.ಮೀ. ದಾಟಬೇಡಿ. ಸ್ಟ್ರಟ್‌ನ (ಮುಂದಿನ ಶಾಕ್ ಮತ್ತು ಸ್ಪ್ರಿಂಗ್ ಸೇರಿದ ಜೋಡಿ) ತಲೆಯ ಮೇಲೆ ಕೂರಿಸುವ ಸ್ಪೇಸರ್ ಅಗ್ಗ. ಅಲ್ಲಿ 25 ಮಿ.ಮೀ. ಇಟ್ಟರೆ ಚಕ್ರದಲ್ಲಿ ಸುಮಾರು ಅದರ ಎರಡು ಪಟ್ಟು ಏರುತ್ತದೆ. ಏಕೆಂದರೆ ಸ್ಟ್ರಟ್ ಇರುವುದು ಚಕ್ರವನ್ನು ಚಾಸಿಗೆ ಹಿಡಿದಿಡುವ ಕೆಳತೋಳಿನ ತುದಿಯಲ್ಲಲ್ಲ, ಹೆಚ್ಚುಕಡಿಮೆ ಮಧ್ಯದಲ್ಲಿದೆ. ಇದನ್ನು ತಿಳಿಯದೆ 50 ಮಿ.ಮೀ. ಸ್ಪೇಸರ್ ಹಾಕಿಸಿಕೊಂಡವರ ಗಾಡಿಯಲ್ಲಿ ಚಕ್ರ ಕೆಳಗೆ ಜೋತಾಗ ಮೇಲಿನ ತೋಳು ಸ್ಪ್ರಿಂಗಿಗೆ ಬಡಿಯುತ್ತದೆ, ಬಾಲ್ ಜಾಯಿಂಟ್ ತುದಿ ಮುಟ್ಟುತ್ತದೆ. ಸ್ಪೇಸರಿಗಿಂತ ಸರಿಯಾದ ಉದ್ದದ ಶಾಕ್ ಮತ್ತು ಸ್ಪ್ರಿಂಗ್ ಸೆಟ್ ಒಳ್ಳೆಯದು. ಹಿಂದೆ ಉದ್ದದ ಶ್ಯಾಕಲ್ (ಪ್ಲೇಟು ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕುವುದಾದರೆ ಲೆಕ್ಕ ಉಲ್ಟಾ: 50 ಮಿ.ಮೀ. ಉದ್ದ ಹೆಚ್ಚಿಸಿದರೆ ಏರುವುದು 25 ಮಾತ್ರ.

ಕೆಲಸಕ್ಕೆ ಕೊಡುವ ಮುನ್ನ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಬ್‌ನ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೂ ಅಳೆಯಿರಿ. ಟಯರ್ ಬದಲಾದರೂ ಈ ಅಳತೆ ಬದಲಾಗುವುದಿಲ್ಲ, ಹಾಗಾಗಿ ಲಿಫ್ಟ್ ನಿಜವಾಗಿ ಎಷ್ಟು, ಎಡಬಲ ಸಮ ಇದೆಯೇ ಎಂಬುದು ಇದರಲ್ಲೇ ತಿಳಿಯುತ್ತದೆ. ಇನ್ನೊಂದು ವಿಷಯವನ್ನು ನಿಂತು ನೋಡಿ ಮಾಡಿಸಿ: ತೋಳುಗಳ ಬುಷ್ ಬೋಲ್ಟುಗಳ ಕೊನೆಯ ಬಿಗಿತ ಗಾಡಿ ನೆಲಕ್ಕಿಳಿದ ಮೇಲೆ ಆಗಬೇಕು. ಜಾಕಿಯ ಮೇಲೆ ಚಕ್ರ ಜೋತಿರುವಾಗಲೇ ಬಿಗಿದುಬಿಟ್ಟರೆ, ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ, ಬೇಗನೆ ಹರಿಯುತ್ತದೆ. ಬುಷ್ ಕಳಪೆ ಎಂದು ದೂರುವ ಎಷ್ಟೋ ಪ್ರಕರಣಗಳ ಮೂಲ ಇಲ್ಲಿದೆ. ಕೊನೆಗೆ ಅಲೈನ್‌ಮೆಂಟ್ ಮಾಡಿಸಿ ಮೊದಲಿನ ಮತ್ತು ನಂತರದ ಅಂಕೆಗಳ ಪ್ರಿಂಟ್ ಕೇಳಿ ಪಡೆಯಿರಿ. ಹೆಡ್‌ಲೈಟ್ ಕೆಳಗಿಳಿಸಿ ಹೊಂದಿಸಿಕೊಳ್ಳಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳ ಹೈಕೋರ್ಟಿನ ಆದೇಶವನ್ನು ಬದಿಗೆ ಸರಿಸಿ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷ ತಿದ್ದುಪಡಿಯಾದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂ. ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅದೇ ಮಾದರಿಯ ಬೇರೆ ವೇರಿಯಂಟ್‌ಗೆ ಕಂಪನಿಯೇ ಕೊಡುವ ಟಯರ್ ಅಳತೆಯೊಳಗೆ ನಿಂತರೆ ತಕರಾರಿಗೆ ಎಡೆ ಕಡಿಮೆ. ಲಿಫ್ಟ್ ವಿಷಯದಲ್ಲಿ ಆರ್‌ಟಿಒ ಕಚೇರಿ ಮತ್ತು ವಿಮೆಯವರನ್ನು ಲಿಖಿತವಾಗಿ ಕೇಳಿಯೇ ಮುಂದುವರಿಯಿರಿ. ಅಪಘಾತವಾದ ಮೇಲೆ ಕ್ಲೇಮ್ ತಿರಸ್ಕರಿಸಲು ಇದೊಂದೇ ಕಾರಣ ಸಾಕಾಗಬಹುದು.

ಪ್ರಶ್ನೆ: 7.5 ಇಂಚು ಅಗಲ, ಇಟಿ 33 ಇರುವ ಕಂಪನಿ ಅಲಾಯ್ ತೆಗೆದು 9 ಇಂಚಿನ, ಇಟಿ 0 ಅಲಾಯ್ ಹಾಕಬಹುದೇ? ಬೋಲ್ಟ್ ತೂತು ಸರಿಹೊಂದುತ್ತದೆ, 6×139.7. — ಮಂಜೇಶ್ವರದ ಓದುಗರು

ಉತ್ತರ: ಹಾಕಬೇಡಿ. ಬೋಲ್ಟ್ ತೂತು ಸರಿಹೊಂದಿದರೆ ಅಲಾಯ್ ಸರಿಹೊಂದಿತು ಎಂದಲ್ಲ. ಇಟಿ ಎಂದರೆ ಚಕ್ರದ ನಡುಗೆರೆಯಿಂದ ಹಬ್‌ಗೆ ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬ ಅಂಕೆ. ಇಟಿ 33ರಿಂದ 0ಗೆ ಬಂದರೆ ಚಕ್ರ 33 ಮಿ.ಮೀ. ಹೊರಗೆ ಸರಿಯುತ್ತದೆ. ಅಗಲ ಒಂದೂವರೆ ಇಂಚು ಹೆಚ್ಚಿದ್ದರಿಂದ ಅದರ ಅರ್ಧ, 19 ಮಿ.ಮೀ. ಇನ್ನೂ ಹೊರಗೆ. ಒಟ್ಟು 52 ಮಿ.ಮೀ. ಟಯರ್ ಫೆಂಡರಿನಿಂದ ಹೊರಗೆ ಬರುತ್ತದೆ, ಹಿಂದೆ ಬರುವ ಬೈಕಿನವರ ಮೇಲೆ ಕಲ್ಲು, ಕೆಸರು ಎರಚುತ್ತದೆ. ತಪಾಸಣೆಯಲ್ಲಿ ಮೊದಲು ಕಣ್ಣಿಗೆ ಬೀಳುವುದೂ ಅದೇ. ಕಾಣದ ಹಾನಿ ಒಳಗಡೆ: ಚಕ್ರದ ಬೇರಿಂಗ್ ಮೇಲೆ ಭಾರ ಓರೆಯಾಗಿ ಬೀಳುತ್ತದೆ. ಗುಂಡಿಗೆ ಒಂದು ಚಕ್ರ ಬಿದ್ದರೆ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟಯರಿನ ಹೊರ ಅಂಚು ಬಂಪರಿಗೆ, ಮಡ್ ಫ್ಲ್ಯಾಪಿಗೆ ಉಜ್ಜುತ್ತದೆ.

ಬದಲಿಸಲೇಬೇಕೆಂದಿದ್ದರೆ 8 ಇಂಚಿನೊಳಗೆ ಅಗಲ, ಇಟಿ 25ರಿಂದ 30. ಅಲಾಯ್‌ನ ಹಿಂಬದಿಯಲ್ಲಿ ಅಚ್ಚಾದ ಭಾರದ ಅಂಕೆ ನೋಡಿ. ಕಾರಿನ ಅಲಾಯ್‌ಗೆ ಪಿಕಪ್‌ನ ಭಾರ ತಡೆಯುವ ಶಕ್ತಿ ಇರುವುದಿಲ್ಲ. ನಡುವಿನ ತೂತು ಹಬ್‌ಗಿಂತ ದೊಡ್ಡದಿದ್ದರೆ ಹಬ್ ರಿಂಗ್ ಹಾಕದೆ ಕೂರಿಸಬೇಡಿ, 80ರ ಮೇಲೆ ನಡುಕ ಬರುತ್ತದೆ. ನಟ್ಟಿನ ತಳವೂ ಒಂದೇ ತರಹ ಇರಬೇಕು. ಚಪ್ಪಟೆ ವಾಷರ್ ನಟ್ಟನ್ನು ಕೋನ್ ತೂತಿಗೆ ಬಿಗಿದರೆ ಅದು ಬಿಗಿಯಾದಂತೆ ಕಾಣುತ್ತದೆ, ದಾರಿಯಲ್ಲಿ ಸಡಿಲವಾಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಟಾರ್ಕಿಗೆ ಬಿಗಿದು, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ವೀಲ್ ಸ್ಪೇಸರ್ ಹಾಕುವ ಯೋಚನೆಯನ್ನೇ ಬಿಟ್ಟುಬಿಡಿ.

ಪ್ರಶ್ನೆ: ತಾಳವಾಡಿಯಿಂದ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಕೋಸು, ಆಲೂಗೆಡ್ಡೆ ಹೊರುವ ಹೊಸ ಪಿಕಪ್ ನಮ್ಮದು. ಲೋಡ್ ಹಾಕಿದರೆ ಹಿಂದೆ ಕೂರುತ್ತದೆ. ಹಿಂದಿನ ಸ್ಪ್ರಿಂಗಿಗೆ ಎರಡೆರಡು ಪ್ಲೇಟು ಸೇರಿಸಿ ಒಂದು ಸೈಜು ದೊಡ್ಡ ಟಯರ್ ಹಾಕೋಣ ಅಂತಿದ್ದೇವೆ. — ತಾಳವಾಡಿಯ ಓದುಗರು

ಉತ್ತರ: ದೊಡ್ಡ ಟಯರಿನ ಮಾತು ಇಲ್ಲಿಗೇ ಬಿಡಿ. 27 ಹೇರ್‌ಪಿನ್ ತಿರುವಿನ ಆ ಇಳಿಜಾರಿನಲ್ಲಿ ಲೋಡ್ ಗಾಡಿಯನ್ನು ಹಿಡಿಯುವುದು ಎಂಜಿನ್. ಟಯರ್ ದೊಡ್ಡದಾದಷ್ಟೂ ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತ ಕಡಿಮೆಯಾಗುತ್ತದೆ, ಆ ಕೆಲಸ ಬ್ರೇಕ್ ಮೇಲೆ ಬೀಳುತ್ತದೆ, ಡ್ರಮ್ ಕಾಯುತ್ತದೆ. ಅದೇ ಅಳತೆಯಲ್ಲಿ ಹೆಚ್ಚು ಪ್ಲೈ ಇರುವ ಟಯರ್ ಸಿಕ್ಕಿದರೆ ಹಾಕಿಸಿ.

ಪ್ಲೇಟಿನ ವಿಷಯ. ಮೊದಲು ಮಾಮೂಲಿ ಲೋಡ್ ಹಾಕಿ ವೇಬ್ರಿಡ್ಜ್‌ನಲ್ಲಿ ತೂಗಿಸಿ. ಆರ್‌ಸಿಯಲ್ಲಿ ಒಟ್ಟು ತೂಕ ಮತ್ತು ಖಾಲಿ ತೂಕ ಎರಡೂ ಇವೆ. ಕಳೆದರೆ ಉಳಿಯುವುದರಲ್ಲಿ ಡ್ರೈವರ್, ಜೊತೆಯವರು, ನೀವು ಕಟ್ಟಿಸಿದ ಕಬ್ಬಿಣದ ಗ್ರಿಲ್ ಎಲ್ಲ ಸೇರಿದೆ. ತೂಕ ಮೀರಿದ್ದರೆ ಪ್ಲೇಟು ಪರಿಹಾರವಲ್ಲ. ಪ್ಲೇಟು ಸೇರಿಸಿದರೆ ಗಾಡಿ ಎದ್ದು ನಿಲ್ಲುತ್ತದೆ ಅಷ್ಟೇ. ಆಕ್ಸಲ್, ಬೇರಿಂಗ್, ಬ್ರೇಕ್ ಮೊದಲಿನವೇ. ಓವರ್‌ಲೋಡಿಗೆ ಕಾಯ್ದೆಯಲ್ಲಿ 20,000 ರೂ. ದಂಡ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000 ರೂ.

ತೂಕ ಮಿತಿಯೊಳಗಿದ್ದರೆ, ಲೋಡ್ ಇರುವಾಗಲೇ ಕೆಳಗೆ ಬಗ್ಗಿ ಆಕ್ಸಲಿಗೂ ಚಾಸಿಯ ಬಂಪ್ ಸ್ಟಾಪ್ ರಬ್ಬರಿಗೂ ನಡುವಿನ ಸಂದು ನೋಡಿ. ಎರಡು ಬೆರಳು ಹಿಡಿಸುವಷ್ಟು ಇದ್ದರೆ ಸ್ಪ್ರಿಂಗ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಲೋಡ್ ಹಾಕಿದರೆ ಕೂರಲೆಂದೇ ಅದನ್ನು ಕಮಾನಿನಂತೆ ಬಗ್ಗಿಸಿರುವುದು. ಮೂಟೆಗಳನ್ನು ಹಿಂದಿನ ಬಾಗಿಲಿಗೆ ಒತ್ತದೆ ಕ್ಯಾಬಿನ್ ಕಡೆಗೆ ಜೋಡಿಸಿ. ಆಕ್ಸಲ್‌ನ ಹಿಂದೆ ಬಿದ್ದ ಭಾರ ಮುಂದಿನ ಚಕ್ರವನ್ನು ಹಗುರ ಮಾಡಿ, ತಿರುವಿನಲ್ಲಿ ಸ್ಟಿಯರಿಂಗ್ ಮಾತು ಕೇಳದಂತೆ ಮಾಡುತ್ತದೆ. ಮಿತಿಯ ಲೋಡಿನಲ್ಲೂ ರಬ್ಬರ್ ತಾಗಿದರೆ ಹೊಸ ಗಾಡಿಯಲ್ಲವೇ, ಮೊದಲು ವಾರಂಟಿಯಲ್ಲಿ ತೋರಿಸಿ.

ಅದೂ ಆಗಿ, ಆರ್‌ಟಿಒ ಕಚೇರಿಯ ಒಪ್ಪಿಗೆಯೂ ಸಿಕ್ಕಿ ಸೇರಿಸುವುದಾದರೆ ಬದಿಗೊಂದೇ ಪ್ಲೇಟು, ಎರಡೂ ಕಡೆ ಒಂದೇ ದಪ್ಪ, ಒಂದೇ ಬಾಗು. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲನ್ನು ಬೇರೆ ಜಾಕಿಯಲ್ಲಿ ಹಿಡಿದು, ಒಂದು ಬದಿ ಮುಗಿದ ಮೇಲೆ ಇನ್ನೊಂದನ್ನು ಬಿಚ್ಚಿಸಿ. ಪ್ಲೇಟಿನ ಕಟ್ಟು ದಪ್ಪವಾಗುವುದರಿಂದ ಸೆಂಟರ್ ಬೋಲ್ಟ್ ಮತ್ತು ನಾಲ್ಕೂ ಯು-ಬೋಲ್ಟ್ ಹೊಸವು, ಉದ್ದದವು ಬೇಕು. ಹಳೆಯ ಯು-ಬೋಲ್ಟ್ ಒಮ್ಮೆ ಬಿಗಿದಾಗಲೇ ಎಳೆದುಕೊಂಡಿರುತ್ತದೆ, ಮತ್ತೆ ಬಿಗಿತ ನಿಲ್ಲುವುದಿಲ್ಲ. ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ತೂತಿನಲ್ಲಿ ಪೂರ್ತಿ ಕೂತದ್ದು ಕಣ್ಣಾರೆ ನೋಡಿದ ಮೇಲೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಮೊದಲ ಲೋಡಿನ ಬಳಿಕ ಒಮ್ಮೆ, 500 ಕಿ.ಮೀ.ಗೆ ಇನ್ನೊಮ್ಮೆ. ಯು-ಬೋಲ್ಟ್ ಸಡಿಲವಾದರೆ ಆಕ್ಸಲ್ ಸರಿದು ಸೆಂಟರ್ ಬೋಲ್ಟ್ ಕತ್ತರಿಸಿಹೋಗುತ್ತದೆ, ಗಾಡಿ ಓರೆಯಾಗಿ ಓಡತೊಡಗುತ್ತದೆ.

ಇನ್ನು ಅನೇಕ ಗ್ಯಾರೇಜುಗಳಲ್ಲಿ ನೆನಪಿಗೇ ಬಾರದ ಒಂದು ವಿಷಯವಿದೆ. ಹಲವು ಪಿಕಪ್‌ಗಳಲ್ಲಿ ಚಾಸಿಗೆ ಕೂರಿಸಿದ ಒಂದು ಬ್ರೇಕ್ ವಾಲ್ವ್‌ನಿಂದ ಸಣ್ಣ ಕಡ್ಡಿ ಅಥವಾ ಸ್ಪ್ರಿಂಗ್ ಹಿಂದಿನ ಆಕ್ಸಲಿಗೆ ಬಂದಿರುತ್ತದೆ. ಎಲ್‌ಎಸ್‌ಪಿವಿ ಎನ್ನುತ್ತಾರೆ. ಹಿಂದೆ ಕೂತರೆ ಲೋಡ್ ಇದೆ ಎಂದು ತಿಳಿದು ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಎದ್ದಿದ್ದರೆ ಖಾಲಿ ಎಂದು ತಿಳಿದು ತಗ್ಗಿಸುತ್ತದೆ. ಪ್ಲೇಟು ಸೇರಿಸಿ ಗಾಡಿ ಎದ್ದು ನಿಂತರೆ ಈ ವಾಲ್ವಿಗೆ ಪೂರ್ತಿ ಲೋಡ್ ಕೂಡ ಅರ್ಧ ಲೋಡಿನಂತೆ ಕಾಣುತ್ತದೆ. ಹಿಂದಿನ ಬ್ರೇಕ್ ಸಾಲದೆ ಮುಂದಿನ ಬ್ರೇಕ್ ಒಂಟಿಯಾಗಿ ದುಡಿದು, ಕಾದು, ಘಾಟಿಯ ಕೊನೆಯ ತಿರುವುಗಳಲ್ಲಿ ಪೆಡಲ್ ಮೆದುವಾಗುತ್ತದೆ. ಎತ್ತರ ಎಷ್ಟು ಹೆಚ್ಚಿತೋ ಅದಕ್ಕೆ ತಕ್ಕಂತೆ ಕಡ್ಡಿಯ ಬ್ರಾಕೆಟನ್ನು ಸರ್ವಿಸ್ ಸೆಂಟರ್‌ನಲ್ಲಿ ಸೆಟ್ ಮಾಡಿಸದೆ ಲೋಡ್ ಹಾಕಿ ದಿಂಬಂ ಇಳಿಯಬೇಡಿ. ಇದನ್ನು ಕೈ ಮುಗಿದು ಹೇಳುತ್ತಿದ್ದೇವೆ.

ಪ್ರಶ್ನೆ: ಖಾಲಿ ಇರುವಾಗ ಹಿಂದೆ ವಿಪರೀತ ಕುಣಿಯುತ್ತದೆ. ಒಂದು ಪ್ಲೇಟು ತೆಗೆದರೆ ಸರಿಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. — ಉಪ್ಪಳದ ಓದುಗರು

ಉತ್ತರ: ಮೊದಲು ಗಾಳಿ ನೋಡಿ. ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಖಾಲಿ ಗಾಡಿಗೆ, ಲೋಡ್ ಗಾಡಿಗೆ ಬೇರೆ ಬೇರೆ ಅಂಕೆ ಇರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಕೇಳದೆಯೇ ಲೋಡಿನ ಗಾಳಿ ತುಂಬಿಬಿಡುತ್ತಾರೆ. ಖಾಲಿ ಓಡಿಸಿದರೆ ಟಯರ್ ಕಲ್ಲಿನಷ್ಟು ಗಟ್ಟಿ, ನಡುಭಾಗ ಮಾತ್ರ ಸವೆಯುತ್ತದೆ. ಬೆಳಗ್ಗೆ ಟಯರ್ ತಣ್ಣಗಿರುವಾಗ ಅಳೆದು ಸರಿಮಾಡಿ. ಅರ್ಧ ಕುಣಿತ ಅಲ್ಲಿಗೇ ನಿಲ್ಲುತ್ತದೆ.

ಉಳಿದದ್ದಕ್ಕೆ ಒಳ್ಳೆಯ ಗ್ಯಾಸ್ ಶಾಕ್ ಅಬ್ಸಾರ್ಬರ್. ಕುಣಿತ ತಡೆಯುವುದು ಶಾಕ್, ಭಾರ ಹೊರುವುದು ಸ್ಪ್ರಿಂಗ್. ಪ್ಲೇಟು ತೆಗೆದರೆ ಆ ಭಾರವನ್ನು ಉಳಿದ ಪ್ಲೇಟುಗಳು ಹೊರಬೇಕು. ಮುರಕಲ್ಲು ಲೋಡ್ ಮಾಡಿದ ದಿನ ಮೇನ್ ಪ್ಲೇಟ್ ಕಟ್ಟಾಗುತ್ತದೆ. ಮೇನ್ ಪ್ಲೇಟೇ ಆಕ್ಸಲನ್ನು ಚಾಸಿಗೆ ಹಿಡಿದಿಟ್ಟಿರುವುದು. ತೆಗೆಸಬೇಡಿ.

ಪ್ರಶ್ನೆ: ಟೂ ವೀಲ್ ಡ್ರೈವ್ ಪಿಕಪ್. ಮಳೆ ಬಂದರೆ ದ್ರಾಕ್ಷಿ ತೋಟದ ಎರೆಮಣ್ಣಿನಲ್ಲಿ ಹೂತು ಹೋಗುತ್ತದೆ. ನಾಲ್ಕೂ ಮಡ್ ಟಯರ್ ಹಾಕಿದರೆ ಆದೀತೇ? — ಜತ್ತದ ಓದುಗರು

ಉತ್ತರ: ನಾಲ್ಕು ಬೇಡ. ಮುಂದೆ ಈಗಿರುವ ಉದ್ದಗೆರೆಯ ರಿಬ್ ಟಯರೇ ಇರಲಿ, ಹಿಂದೆ ಅಡ್ಡಪಟ್ಟಿಯ ಎರಡು ಲಗ್ ಟಯರ್ ಹಾಕಿ. ಆದರೂ ಹಸಿ ಎರೆಮಣ್ಣು ಎಂಥ ಗುಳಿಯನ್ನೂ ತುಂಬಿಕೊಂಡು ಟಯರನ್ನು ನುಣುಪು ಮಾಡಿಬಿಡುತ್ತದೆ, ಅದು ಸಿಡಿದು ಹೋಗಬೇಕಾದರೆ ಚಕ್ರ ವೇಗವಾಗಿ ತಿರುಗಬೇಕು, ವೇಗವಾಗಿ ತಿರುಗಿಸಿದರೆ ಇನ್ನಷ್ಟು ಹೂಳುತ್ತದೆ. ಖಾಲಿ ಗಾಡಿಯಾದರೆ ಆಕ್ಸಲ್‌ನ ನೇರ ಮೇಲೆ ನಾಲ್ಕಾರು ಮರಳಿನ ಚೀಲ ಇಟ್ಟು, ಹಿಂದಿನ ಟಯರಿನ ಗಾಳಿ ಖಾಲಿ ಗಾಡಿಯ ಅಂಕೆಗೆ ಇಳಿಸಿ. ಲೋಡ್ ಇರುವಾಗ ಗಾಳಿ ಇಳಿಸಬಾರದು, ಗೋಡೆ ಒಡೆಯುತ್ತದೆ. ಒಂದು ಚಕ್ರ ಸುಮ್ಮನೆ ತಿರುಗಿ ಇನ್ನೊಂದು ನಿಂತಿದ್ದರೆ ಅದು ಡಿಫರೆನ್ಷಿಯಲ್‌ನ ಸ್ವಭಾವ, ಅದಕ್ಕೆ ಟಯರಿನಲ್ಲಿ ಔಷಧವಿಲ್ಲ. ಗಾಡಿಯಲ್ಲಿ ಒಂದು ಜೊತೆ ಟಯರ್ ಚೈನ್ ಇಟ್ಟುಕೊಳ್ಳಿ.

ಪ್ರಶ್ನೆ: ಲಿಫ್ಟ್ ಮಾಡಿಸಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುತ್ತಿಲ್ಲ. ಫೋರ್ ವೀಲ್ ಹಾಕಿ ಪೂರ್ತಿ ತಿರುಗಿಸಿದರೆ ಟಕ್ ಟಕ್ ಸದ್ದು. ನಿಂತಲ್ಲಿಂದ ಹೊರಡುವಾಗ ಗಾಡಿ ನಡುಗುತ್ತದೆ. — ಹೊಸೂರಿನ ಓದುಗರು

ಉತ್ತರ: ಮೂರಕ್ಕೂ ಬೇರೆ ಬೇರೆ ಕಾರಣ. ಮುಂದೆ ಏರಿಸಿದಾಗ ಕ್ಯಾಸ್ಟರ್ ಕೋನ (ಸ್ಟಿಯರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ಸ್ಟಿಯರಿಂಗ್ ಹಿಂದಿರುಗುವುದು ಆ ಕೋನದಿಂದಲೇ. ಅಲೈನ್‌ಮೆಂಟ್ ಪ್ರಿಂಟ್‌ನಲ್ಲಿ ಕ್ಯಾಸ್ಟರ್ ಕೆಂಪಾಗಿದ್ದು ಕೆಳತೋಳಿನ ಕ್ಯಾಮ್ ಬೋಲ್ಟ್ ಕೊನೆ ಮುಟ್ಟಿದ್ದರೆ, ಕೋನ ತಿದ್ದಿದ ಮೇಲಿನ ತೋಳು ಬೇಕು, ಇಲ್ಲವೇ ಎತ್ತರ ಇಳಿಸಬೇಕು. ಟಕ್ ಟಕ್ ಸದ್ದು ಸಿವಿ ಜಾಯಿಂಟಿನದ್ದು, ಅಂದರೆ ಮುಂದಿನ ಚಕ್ರಕ್ಕೆ ಬಲ ಒಯ್ಯುವ ಶಾಫ್ಟಿನ ಕೀಲಿನದ್ದು. ಶಾಫ್ಟ್ ಕಡಿದಾಗಿ ಇಳಿದಿದೆ. ಅದರ ರಬ್ಬರ್ ಹೊದಿಕೆ, ಅಂದರೆ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಗ್ರೀಸ್ ಹೊರಬಂದಿದೆಯೇ ನೋಡಿ. ಬಂದಿದ್ದರೆ ಧೂಳು ಒಳಸೇರುವ ಮುನ್ನ ಬೂಟ್ ಬದಲಿಸಿ. ಹೊರಡುವಾಗಿನ ನಡುಕ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗ್ ಕಡೆಯದ್ದು. ಹಿಂದೆ ಏರಿಸಿದ್ದರಿಂದ ಅಲ್ಲಿ ಕೋನ ಕೆಟ್ಟಿದೆ, ಬೇರಿಂಗ್ ಬ್ರಾಕೆಟಿಗೆ ವಾಷರ್ ಕೊಟ್ಟು ಕೆಲವು ಮಿ.ಮೀ. ಇಳಿಸಿದರೆ ಬಹುತೇಕ ಹೋಗುತ್ತದೆ. ಹಾಕಿದವರಲ್ಲಿಗೇ ಹೋಗಿ ಮುಂದೆ ಎಷ್ಟು ಏರಿದೆ ಎಂದು ಹಬ್‌ನಿಂದ ಅಳೆಸಿ. 50 ದಾಟಿದ್ದರೆ ಬಿಡಿಭಾಗ ಬದಲಿಸುತ್ತಾ ಕೂರುವ ಬದಲು ಸ್ಪೇಸರನ್ನೇ ಚಿಕ್ಕದು ಮಾಡಿಸಿ.

ಪ್ರಶ್ನೆ: ಹೊಸ ಗಾಡಿ, ಆಗಲೇ ಹಿಂದಿನ ಪ್ಲೇಟಿನಲ್ಲಿ ಕಿರಗುಟ್ಟುವ ಸದ್ದು. ಎಂಜಿನ್ ಆಯಿಲ್ ಹೊಡೆಸಬಹುದೇ? — ಕುಂಬಳೆಯ ಓದುಗರು

ಉತ್ತರ: ಆಯಿಲ್ ಬೇಡ. ಅದು ಶ್ಯಾಕಲ್ ಬುಷ್‌ನ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಧೂಳನ್ನೂ ಹಿಡಿದಿಡುತ್ತದೆ. ಕಡಲಂಚಿನಲ್ಲಿ ಪ್ಲೇಟುಗಳ ನಡುವೆ ಉಪ್ಪುಗಾಳಿಗೆ ತುಕ್ಕು ಬೇಗ ಬರುತ್ತದೆ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಅಡಿ ತೊಳೆಯಿರಿ. ಚಾಸಿಗೆ ಜಾಕಿ ಕೊಟ್ಟು ಆಕ್ಸಲ್ ಜೋಲುಬಿಟ್ಟರೆ ಪ್ಲೇಟಿನ ತುದಿಗಳು ಸ್ವಲ್ಪ ಬಿಡಿಸಿಕೊಳ್ಳುತ್ತವೆ. ಆಗ ಚಪ್ಪಟೆ ಕಡ್ಡಿಯಲ್ಲಿ ಗ್ರಾಫೈಟ್ ಗ್ರೀಸ್ ಒಳಗೆ ತಳ್ಳಿ, ಹೊರಗೆ ಬಂದದ್ದನ್ನು ಬಟ್ಟೆಯಿಂದ ಒರೆಸಿ. ತುದಿಯಲ್ಲಿ ನೈಲಾನ್ ಪ್ಯಾಡ್ ಇರುವ ಪ್ಲೇಟಾದರೆ ಪ್ಯಾಡ್ ಸವೆದಿದೆಯೇ ಅಷ್ಟೇ ನೋಡಿ. ಸದ್ದು ಮಳೆಯಲ್ಲಿ ನಿಂತು ಬಿಸಿಲಿಗೆ ಮತ್ತೆ ಬಂದರೆ ಹೆಚ್ಚಾಗಿ ಅದು ಬುಷ್‌ನದ್ದು, ಸಿಲಿಕಾನ್ ಸ್ಪ್ರೇ ಸಾಕು.